ನಾಲ್ಕು ಬೆರಳು ಕಬ್ಬಿಣ

ನಲವತ್ತೊಂಬತ್ತನೇ ಇಸವಿಯಲ್ಲಿ, ಮದುವೆಯಾಗಿ ಎಂಟು ತಿಂಗಳಾಗಿದ್ದರೂ ನನ್ನ ಹೆಂಡತಿ ಹಂಪಮ್ಮ ತವರು ಬಿಟ್ಟು ಬಂದಿರಲಿಲ್ಲ. ಜಗಳವಿರಲಿಲ್ಲ, ಮುನಿಸಿರಲಿಲ್ಲ. ಗಾಡಿಯ ಗಾಲಿಗೆ ಹಳಿ ಇರಲಿಲ್ಲ, ಅಷ್ಟೇ.

ನಾನು ಸಿರುಗುಪ್ಪದಲ್ಲಿ ಶಾಲೆಯ ಮೇಷ್ಟ್ರು, ಹೆಸರು ಅಯ್ಯಣ್ಣ. ಅವಳ ತವರು ತೆಕ್ಕಲಕೋಟೆ. ನನ್ನ ಮಾವ ಸುಂಕಪ್ಪನವರ ಮನೆತನದಲ್ಲಿ ಒಂದು ಪದ್ಧತಿ: ಮಗಳು ಮೊದಲ ಸಲ ಗಂಡನ ಮನೆಗೆ ಹೋಗುವುದು ಹೊಸ ಗಾಡಿಯಲ್ಲೇ. ಬಸ್ಸಿನಲ್ಲಿ ಕಳಿಸಿದರೆ ಮಗಳನ್ನು ಮೂಟೆಯಂತೆ ಸಾಗಹಾಕಿದ ಹಾಗೆ ಎಂದು ಅವರ ವಾದ. ಸರಿ, ಗಾಡಿ ಮಾಡಿಸಲು ಹಚ್ಚಿದರು. ಸಂಕ್ರಾಂತಿಗೆ ನೊಗ ಆಯಿತು. ಶಿವರಾತ್ರಿಗೆ ಮರದ ಗಾಲಿಗಳೆರಡೂ ಆದವು. ಆ ಗಾಲಿಗಳ ಸುತ್ತ ಕಬ್ಬಿಣದ ಹಳಿ ಕೂತರೆ ಮುಗಿಯಿತು. ಆದರೆ ಅದು ಕಂಟ್ರೋಲಿನ ಕಾಲ. ಅಕ್ಕಿಗೆ ಚೀಟಿ, ಸೀಮೆಎಣ್ಣೆಗೆ ಚೀಟಿ, ಕಬ್ಬಿಣಕ್ಕಂತೂ ಬಳ್ಳಾರಿಯಿಂದ ಪರ್ಮಿಟ್ಟೇ ಬರಬೇಕು. ಎಷ್ಟು ಉದ್ದ ಬೇಕೆಂದು ಅರ್ಜಿಯಲ್ಲಿ ಬರೆಯುತ್ತೇವೋ ಅಷ್ಟು ಮಾತ್ರ ಕೊಡುತ್ತಿದ್ದರು.

ಯುಗಾದಿಗೆ ಹೋದಾಗ ಮಾವ ನನ್ನನ್ನು ಪಡಸಾಲೆಗೆ ಕರೆದು, ತಾವೇ ಎಲೆಗೆ ಸುಣ್ಣ ಹಚ್ಚಿ ಕೊಟ್ಟರು. ಅಲ್ಲಿಯವರೆಗೆ ಅವರು ನನ್ನನ್ನು ಒಂದು ಮಾತು ಕೇಳಿದವರಲ್ಲ. ನನ್ನ ಕೈ ನೋಡಿ, ‘ಈ ಕೈಗೆ ಬಳಪ ಬಿಟ್ರೆ ಬ್ಯಾರೇದು ಗೊತ್ತಿಲ್ಲ’ ಎಂದು ಬೀಗರ ಮುಂದೆ ಅಂದಿದ್ದರಂತೆ.

“ಅಳಿಯಾರ, ಎರಡು ಗಾಲಿಗೆ ಎಷ್ಟು ಕಬ್ಬಿಣ ಬೇಕಂತ ನೀವಾ ಲೆಕ್ಕ ಹಾಕಿ ಅರ್ಜಿ ಬರೀರಿ,” ಅಂದರು. “ಮನ್ಯಾಗ ಮೇಷ್ಟ್ರು ಇಟ್ಕೊಂಡು ನಾನ್ಯಾಕ ಅಂದಾಜಿನಾಗ ಹೋಗ್ಲಿ?”

ಉಬ್ಬಿಹೋದೆ. ಸುಳ್ಳೇಕೆ, ಆವತ್ತು ನೆಲ ಬಿಟ್ಟು ಎರಡು ಅಂಗುಲ ಮೇಲೇ ನಡೆದೆ. ಅಂಗಳಕ್ಕೆ ಹೋಗಿ ಗಾಲಿಯನ್ನು ನಾಲ್ಕು ಕಡೆ ಅಡ್ಡಡ್ಡ ಅಳೆದೆ. ನಾಲ್ಕು ಕಡೆಯೂ ಐವತ್ತಾರು ಅಂಗುಲ! ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಗಾಲಿ ಸಿಕ್ಕೀತೆ? ಐವತ್ತಾರನ್ನು ಏಳರಿಂದ ಭಾಗಿಸಿದರೆ ಎಂಟು, ಎಂಟನ್ನು ಇಪ್ಪತ್ತೆರಡರಿಂದ ಗುಣಿಸಿದರೆ ನೂರಾ ಎಪ್ಪತ್ತಾರು. ಒಂದು ಗಾಲಿಗೆ ನೂರಾ ಎಪ್ಪತ್ತಾರು ಅಂಗುಲ, ಎರಡಕ್ಕೆ ಇಪ್ಪತ್ತೊಂಬತ್ತು ಅಡಿ ನಾಲ್ಕು ಅಂಗುಲ. ಚೂರೂ ಶೇಷವಿಲ್ಲ. ಬಾಗಿಲ ಸಂದಿಯಿಂದ ಹಂಪಮ್ಮ ನೋಡುತ್ತಿದ್ದಳು. ಅವಳಿಗೆ ಕೇಳಲೆಂದೇ ಗಟ್ಟಿಯಾಗಿ ಗುಣಿಸಿದ್ದೆ.

ಅರ್ಜಿ ಹಿಡಿದು ಬಳ್ಳಾರಿಗೆ ನಾನೇ ಹೋದೆ. ಅಲ್ಲಿಯ ಗುಮಾಸ್ತ ನನ್ನ ಅಂಕಿ ನೋಡಿ, ಎಲ್ಲರೂ ಒಂದಡಿ ಹೆಚ್ಚೇ ಬರೆಯುತ್ತಾರೆ, ನೀವೂ ಬರೆದುಕೊಳ್ಳಿ ಎಂದು ತೆಲುಗಿನಲ್ಲಿ ಬುದ್ಧಿ ಹೇಳಿದ. ಒಳ್ಳೆಯ ಮನುಷ್ಯ. ನಾನು ಅವನಿಗೇ ಬೈದೆ.

“ಲೆಕ್ಕದಾಗ ಸುಳ್ಳು ಬರಿಯಾಕ ನಾನು ಮೇಷ್ಟ್ರು ಆಗಿಲ್ಲ!”

ಅವನು ಕೈಮುಗಿದು ಮುದ್ರೆ ಒತ್ತಿದ.

ಕಬ್ಬಿಣ ಬಸ್ಸಿನ ತಲೆಯೇರಿ ತೆಕ್ಕಲಕೋಟೆಗೆ ಬಂದು ಇಳಿಯುವಾಗ ಮಣ್ಣೆತ್ತಿನ ಅಮಾವಾಸ್ಯೆಗೆ ಐದೇ ದಿನ ಉಳಿದಿತ್ತು. ಅಮಾವಾಸ್ಯೆ ದಾಟಿದರೆ ಆಷಾಢ. ಆಷಾಢದಲ್ಲಿ ಹೊಸ ಮದುಮಗಳನ್ನು ಗಂಡನ ಮನೆಗೆ ಕಳಿಸುವ ಮಾತೇ ಇಲ್ಲ. ಐದು ದಿನದೊಳಗೆ ಹಳಿ ಕೂತು ಗಾಡಿ ಹೊರಡಬೇಕು, ಇಲ್ಲವಾದರೆ ನಾನು ಇನ್ನಷ್ಟು ತಿಂಗಳು ಕೈಯಾರೆ ರೊಟ್ಟಿ ಸುಡಬೇಕು. ನಾನು ಬಡಿದ ರೊಟ್ಟಿ ಮಾತ್ರ ಎಂದೂ ದುಂಡಗೆ ಬಂದಿದ್ದಿಲ್ಲ.

ಊರಿನ ಕಮ್ಮಾರ ಮಾಬುಸಾಬ್. ಅರವತ್ತರ ಹತ್ತಿರದ ಸಣಕಲು ಮನುಷ್ಯ, ಕಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು. ಮಾವನೂ ಅವರೂ ಬಾಲ್ಯದ ಗೆಳೆಯರು. ನಾನು ರಜೆ ಹಾಕಿ ಬೆಳಿಗ್ಗೆಯೇ ಕುಲುಮೆಯ ಮುಂದೆ ಹಾಜರಾದೆ. ಮಾಬುಸಾಬ್ ಕಬ್ಬಿಣದ ಪಟ್ಟಿಯನ್ನು ನೆಲಕ್ಕೆ ಹಾಸಿದರು. ಗಾಲಿಗೆ ಒಂದು ಗುರುತು ಹಾಕಿ, ಆ ಗುರುತನ್ನು ಪಟ್ಟಿಯ ತುದಿಗೆ ಇಟ್ಟು, ಗಾಲಿಯನ್ನು ಪಟ್ಟಿಯ ಮೇಲೆ ಮೆಲ್ಲಗೆ ಉರುಳಿಸಿಕೊಂಡು ಹೋದರು. ಗಾಲಿ ಒಂದು ಸುತ್ತು ತಿರುಗಿ ಗುರುತು ಮತ್ತೆ ಕೆಳಗೆ ಬಂದಲ್ಲಿ ಸುಣ್ಣದ ಗೆರೆ ಎಳೆದರು. ನಾನು ಅಡಿಪಟ್ಟಿಯಿಂದ ಅಳೆದೆ. ನೂರಾ ಎಪ್ಪತ್ತಾರು! ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ನೆರೆದವರೆಲ್ಲ ‘ಭಲೇ’ ಅಂದರು.

ಆಗ ಮಾಬುಸಾಬ್ ಆ ಗೆರೆಯ ಆಚೆಗೆ ನಾಲ್ಕು ಬೆರಳು ಇಟ್ಟು ಇನ್ನೊಂದು ಗೆರೆ ಎಳೆದರು.

“ಇದ್ಯಾಕ?” ಅಂದೆ.

“ಇಷ್ಟು ಹೆಚ್ಚಿಗಿ ಬೇಕ್ರಿ ಮೇಷ್ಟ್ರ. ತುದಿ ಮ್ಯಾಲ ತುದಿ ಕೂಡ್ಸಿ ಬೆಸಿಬೇಕು. ಮತ್ತ ಕಬ್ಬಿಣ ಬಗ್ಗಿದ್ರ ಅದು ಒಂದೀಟು ತಿಂತೈತಿ. ತನ್ನ ದಪ್ಪದ ಮೂರರಷ್ಟು ತಿಂತೈತಿ. ಕುರುಗೋಡಿನ ನಮ್ಮ ಉಸ್ತಾದ್ ಕರೀಮಸಾಬ್ರು ಹೇಳಿಕೊಟ್ಟಿದ್ದು.”

“ತಿಂತೈತಿ? ಕಬ್ಬಿಣ ಏನು ಎಮ್ಮೇನು, ತಿನ್ನಾಕ?” ಎಂದು ನಕ್ಕೆ. ಪಾಪ, ಮನುಷ್ಯ ಓದಿಲ್ಲದೆ ಕೈಯ ಅಂದಾಜಿನಲ್ಲೇ ಬದುಕಿದವನು ಎಂಬ ಕನಿಕರವೂ ಬಂತು. “ಗಾಲಿ ಸುತ್ತಳತಿ ಎಷ್ಟೋ ಹಳಿ ಅಷ್ಟೇ, ಮಾಬುಸಾಬ್ರ. ಇದು ನಾನು ಹೇಳೂದಲ್ಲ, ಗಣಿತ ಹೇಳೂದು.”

“ಎರಡಕ್ಕೂ ನಾಕ್ನಾಕು ಬೆರಳು ಹಿಡಿದ್ರ ಈ ಪಟ್ಟಿ ಸಾಲಂಗಿಲ್ರಿ.”

“ಸಾಲತೈತಿ. ಸರಿಯಾಗಿ ಅರ್ಧಕ್ಕ ಕಡೀರಿ.”

ಮಾಬುಸಾಬ್ ಮಾವನ ಮುಖ ನೋಡಿದರು. ಮಾವ ಮೀಸೆ ತಿರುವುತ್ತ ಆಕಾಶ ನೋಡಿದರು.

“ಅಳಿಯಾರು ಓದಿದವ್ರು, ಮಾಬೂ. ಅವ್ರು ಹೇಳಿದಂಗ ಕಡಿ.”

“ಸುಂಕಪ್ಪಣ್ಣಾ, ನೀನಾ ಹಿಂಗಂದ್ರ...”

“ಕಡಿ ಅಂದ್ನಲ್ಲ.”

ಮಾಬುಸಾಬ್ ಕಡಿದರು. ಪಟ್ಟಿಯನ್ನು ಬಗ್ಗಿಸಿ, ತುದಿಗಳನ್ನು ಬೆಸೆದು ಬಳೆ ಮಾಡಿದರು. ಆಮೇಲೆ ಬಯಲಿನಲ್ಲಿ ಆ ಬಳೆಯ ಸುತ್ತ ಕುಳ್ಳು ಒಟ್ಟಿ ಬೆಂಕಿ ಹಾಕಿದರು. ಹಳಿ ಕಾಯಿಸಿದರೆ ಹಿಗ್ಗುತ್ತದೆ. ಕೆಂಪಗಿರುವಾಗಲೇ ಗಾಲಿಗೆ ಇಳಿಸಿ ನೀರು ಸುರಿದರೆ ಕುಗ್ಗಿ ಬಿಗಿಯುತ್ತದೆ. ನೀರಿನ ಕೊಡ ಹಿಡಿದು ಓಣಿಯ ಹೆಂಗಸರು ಸಾಲಾಗಿ ನಿಂತಿದ್ದರು. ಹಂಪಮ್ಮನೂ ಇದ್ದಳು. ಅವಳು ನನ್ನ ಕಡೆ ನೋಡಲಿಲ್ಲ, ಅವರಪ್ಪನ ಕಡೆ ನೋಡುತ್ತಿದ್ದಳು.

ಮೂವರು ಇಕ್ಕಳ ಹಿಡಿದು ಕೆಂಡದಂಥ ಹಳಿಯನ್ನು ಎತ್ತಿ ತಂದರು. ಗಾಲಿಯ ಮೇಲೆ ಇಟ್ಟರು. ಹಳಿ ಗಾಲಿಯ ಮೇಲೆಯೇ ಕೂತಿತು, ಕೂಸಿನ ಕುಲಾವಿಯನ್ನು ಅಜ್ಜನ ತಲೆಗೆ ಇಟ್ಟಂತೆ. ಸುತ್ತಿಗೆಯಿಂದ ಬಡಿದರು. ಇಳಿಯಲಿಲ್ಲ. ಮರ ಹೊಗೆಯಾಡಿ ಉರಿ ಹತ್ತಿತು. “ನೀರು! ನೀರು!” ಎಂದು ಮಾಬುಸಾಬ್ ಕೂಗಿದರು. ಹೆಂಗಸರು ಗಾಬರಿಯಲ್ಲಿ ಗಾಲಿಗೆ ಅರ್ಧ, ನನಗೆ ಅರ್ಧ ಸುರಿದರು.

ಆವಿ ಇಳಿದ ಮೇಲೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಗಾಲಿನಾ ಸರಿಯಿಲ್ಲ. ದುಂಡಗಿಲ್ಲ ಅದು,” ಅಂದೆ.

“ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದ್ಳಂತ,” ಎಂದ ಪಕ್ಕದ ಮನೆಯ ದುರುಗಣ್ಣ. ಅವನಿಗೆ ಇಡೀ ಕೇರಿಯ ನಗು ಸಿಕ್ಕಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒದ್ದೆ ಪಂಚೆಯಲ್ಲಿ ಹಾಗೆಯೇ ಕುಕ್ಕರಿಸಿದೆ.

ಮಾಬುಸಾಬ್ ಮಾತ್ರ ನಗಲಿಲ್ಲ. ಮಣ್ಣೆತ್ತು ಮಾಡಲು ಯಾರೋ ತಂದಿಟ್ಟಿದ್ದ ಹಸಿ ಜೇಡಿಮಣ್ಣಿನಿಂದ ಒಂದು ದಪ್ಪ ಪಟ್ಟಿ ತಟ್ಟಿ, ಅದನ್ನು ನನ್ನ ಕಣ್ಣೆದುರು ಬಗ್ಗಿಸಿದರು. ಹೊರಮೈ ಹಿಗ್ಗಿ ಬಿರಿಯಿತು, ಒಳಮೈ ಕುಗ್ಗಿ ಸುಕ್ಕಾಯಿತು.

“ಗಾಲಿ ಕೂಡೂದು ಒಳಗಲ್ರೀ ಮೇಷ್ಟ್ರ? ಒಳಗ ಅಳತಿ ಕಡಿಮಿ ಆತು. ಅದಕ್ಕಾ ಮೂರು ದಪ್ಪ.”

ನೆಲದ ಮೇಲೆ ಬೆರಳಲ್ಲಿ ಬರೆದು ನೋಡಿದೆ. ಕಬ್ಬಿಣದ ದಪ್ಪ ಅರ್ಧ ಅಂಗುಲ. ಅದನ್ನು ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸಿದರೆ ಒಂದೂವರೆಗಿಂತ ತುಸು ಹೆಚ್ಚು. ಅಂದರೆ ಮೂರು ದಪ್ಪ, ಮೇಲೊಂದು ಚೂರು. ನಾನು ಹಲಗೆಯ ಮೇಲೆ ವರ್ಷಗಟ್ಟಲೆ ಬರೆದು ಅಳಿಸಿದ್ದನ್ನೇ ಈ ಮನುಷ್ಯ ಬೆರಳಲ್ಲಿ ಇಟ್ಟುಕೊಂಡು ಊರಿನ ಗಾಡಿಗಳನ್ನೆಲ್ಲ ಓಡಿಸಿದ್ದರು. ಗಾಲಿಯ ಲೆಕ್ಕ ಹಾಕಿದ್ದೆ, ಕಬ್ಬಿಣದ ದಪ್ಪಕ್ಕೂ ಒಂದು ಲೆಕ್ಕ ಇದೆ ಎಂದು ಮಾತ್ರ ಹೊಳೆದಿರಲಿಲ್ಲ. ಬೆಳಿಗ್ಗೆ ಅವರ ಬಗ್ಗೆ ಪಟ್ಟ ಕನಿಕರ ನೆನೆದು ನಾಚಿಕೆಯಾಯಿತು.

ಮಾವ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

“ಹೋಗ್ಲಿ ಬಿಡ್ರಿ ಅಳಿಯಾರ. ದೇವರ ಇಚ್ಛಾ. ಮತ್ತ ಅರ್ಜಿ ಹಾಕೂಣು. ಪರ್ಮಿಟ್ಟು ಬರೂದ್ರಾಗ ಆಷಾಢ ಬರತೈತಿ. ಶ್ರಾವಣದಾಗ ಪಂಚಮಿ, ಮಗಳು ತವರಾಗ ಇರಬೇಕಲ್ರಿ. ಭಾದ್ರಪದದಾಗ ಪಿತೃಪಕ್ಷ, ಹೊಸ ಗಾಡಿ ಹೊರಡಸಾಕ ಬರಂಗಿಲ್ಲ. ದಸರಾ ಆದಮ್ಯಾಲೆ ನೋಡಿದ್ರಾತು.”

ನಾನು ನನ್ನ ದುಃಖದಲ್ಲಿದ್ದೆ, ಆದರೂ ಕಿವಿ ನೆಟ್ಟಗಾಯಿತು. ಲೆಕ್ಕ ಬಾರದ ಮನುಷ್ಯ ನಾಲ್ಕು ತಿಂಗಳನ್ನು ಎಲ್ಲೂ ತಡವರಿಸದೆ ಕೂಡಿಸಿಬಿಟ್ಟಿದ್ದರು.

ದಡ್ ಎಂದು ಸದ್ದಾಯಿತು. ಹಂಪಮ್ಮ ಕೊಡ ಕೆಳಗಿಟ್ಟು ಮನೆ ಕಡೆ ನಡೆದಿದ್ದಳು. ಹಿಂದಿರುಗಿ ಬಂದಾಗ ಕೈಯಲ್ಲಿ ಕುಂಟೆಯ ಹಳೇ ಅಲಗು, ಮೊಳಕ್ಕೂ ಉದ್ದನೆಯ ಅಪ್ಪಟ ಕಬ್ಬಿಣ. ಅದನ್ನು ತಂದು ಅಪ್ಪನ ಕಾಲ ಮುಂದೆ ಒಗೆದಳು.

“ಇದರಾಗ ಎಂಟು ಬೆರಳು ಹೊಂಡತಾವ ನೋಡ್ರಿ, ಮಾಬುಕಾಕಾ.”

ಮಾಬುಸಾಬ್ ಅಲಗನ್ನು ಎತ್ತಿ ತಿರುಗಿಸಿ ನೋಡಿದರು. “ಮಡಚಿ ಬಡದ್ರ ಧಾರಾಳ ಹೊಂಡತಾವವ್ವಾ.”

ಅವಳು ಅಪ್ಪನ ಕಡೆ ತಿರುಗಿದಳು. ಓಣಿಯ ಗಂಡಸರೆಲ್ಲ ಇದ್ದರು, ನಾನೂ ಇದ್ದೆ. ಅವಳು ತಲೆಮೇಲಿನ ಸೆರಗು ಕೂಡ ಸರಿಮಾಡಿಕೊಳ್ಳಲಿಲ್ಲ.

“ಅಪ್ಪಾ, ಈ ಕುಲುಮಿಯಾಗ ನೀನು ನಲವತ್ತು ಗಾಲಿಗೆ ಹಳಿ ಕಟ್ಟಿಸೀದಿ. ಎಷ್ಟು ಕಬ್ಬಿಣ ಹಿಡೀತೈತಿ ಅಂತ ನಿನಗ ಗೊತ್ತಿದ್ದಿಲ್ಲೇನು? ಅವ್ರ ಕೈಲಿ ಯಾಕ ಬರಿಸಿದಿ?”

ಮಾವ ಕಾಲ ಬೆರಳಿನಿಂದ ಬೂದಿ ಕೆದಕಿದರು. ದುರುಗಣ್ಣನೂ ಮಾತಾಡಲಿಲ್ಲ, ಅವನ ಜನ್ಮದಲ್ಲಿ ಅದೇ ಮೊದಲಿರಬೇಕು. ಯುಗಾದಿಯ ಎಲೆಯ ಸುಣ್ಣ ಈಗ ನನ್ನ ನಾಲಿಗೆ ಸುಟ್ಟಿತು. ಇವರು ನನ್ನ ಇಪ್ಪತ್ತೆರಡನ್ನೂ ಏಳನ್ನೂ ಗಾಲಿಗೆ ಅಡ್ಡಗಲ್ಲು ಇಟ್ಟಂತೆ ಇಟ್ಟಿದ್ದರು! ಸಿಟ್ಟು ನೆತ್ತಿಗೇರಿ ಎದ್ದು ನಿಂತೆ. ಅಷ್ಟರಲ್ಲಿ ಅವರ ಮುಖ ಕಂಡಿತು.

“ಗೊತ್ತಿತ್ತವ್ವಾ,” ಅಂದರು ಮಾವ. “ನೀ ಹೋದ್ರ ಮನಿ ಹೆಂಗಿರತೈತಿ ಅನ್ನೂದು ಗೊತ್ತಿದ್ದಿಲ್ಲ. ಅದಕ್ಕ.”

ಹಂಪಮ್ಮ ಅಪ್ಪನ ಹತ್ತಿರ ಒಂದು ಹೆಜ್ಜೆ ಇಟ್ಟಳು.

“ನನಗ ಹೋಗಬೇಕೈತಿ, ಅಪ್ಪಾ.”

ಎಂಟು ತಿಂಗಳಲ್ಲಿ ಆ ಮಾತನ್ನು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಯಾರೂ ಅವಳನ್ನು ಕೇಳಿಯೂ ಇರಲಿಲ್ಲ. ನಾನೂ ಕೇಳಿರಲಿಲ್ಲ, ಗುಣಾಕಾರ ಮಾಡಿ ತೋರಿಸುತ್ತಿದ್ದೆ. ಅಷ್ಟು ಜನರ ನಡುವೆ, ಮೈತುಂಬ ಬೂದಿನೀರು ಇಳಿಯುತ್ತಿರುವಾಗ, ನನ್ನಷ್ಟು ಸುಖಿ ಸಿರುಗುಪ್ಪ ತಾಲ್ಲೂಕಿನಲ್ಲೇ ಇರಲಿಲ್ಲ.

ಮಾವ ರುಮಾಲಿನ ಸೆರಗಿನಿಂದ ಮುಖ ಒರೆಸಿಕೊಂಡು, “ಹೊಗಿ ಭಾಳ ಆತು,” ಅಂದರು. ಬೆಂಕಿ ಆರಿ ಎಷ್ಟೋ ಹೊತ್ತಾಗಿತ್ತು. ಆಮೇಲೆ ಅವರೇ ಅಲಗನ್ನು ಕುಲುಮೆಗಿಟ್ಟರು. “ಮಾಬೂ, ಹಚ್ಚು ಕೆಲಸ.”

ಮಾಬುಸಾಬ್ ನನ್ನನ್ನು ತಿದಿ ಊದಲು ಕೂರಿಸಿದರು. ಮಧ್ಯಾಹ್ನ ಪೂರ್ತಿ ಊದಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು.

“ಎಷ್ಟು ಸೇರಸ್ಲಿ, ಮೇಷ್ಟ್ರ?” ಎಂದು ಅವರು ಕೇಳಿದರು. ಕುಹಕವಿರಲಿಲ್ಲ, ಮರ್ಯಾದೆಗೆ ಕೇಳಿದ್ದು.

“ನಿಮ್ಮ ಬೆರಳು ಹೇಳಿದಷ್ಟು, ಮಾಬುಸಾಬ್ರ.”

ಸಂಜೆಯೊಳಗೆ ಎರಡೂ ಹಳಿ ಇಳಿದವು. ನೀರು ಬಿದ್ದಾಗ ಮರ ಕಿರ್ರೆಂದು ಬಿಗಿದುಕೊಂಡಿತು. ಈ ಸಲ ಹೆಂಗಸರು ಅಷ್ಟೂ ನೀರನ್ನು ಗಾಲಿಗೇ ಹಾಕಿದರು.

ಮಾರನೆಯ ದಿನ ಬೆಳಿಗ್ಗೆ ಗಾಡಿ ಕಟ್ಟಿದರು. ಹೊಸ ಗಾಡಿ ಊರಿಗೆ ಒಂದು ಸುತ್ತು ಬಂದು ದಾರಿ ಹಿಡಿಯಬೇಕು. ಮಾವನೇ ಹೊಡೆಯಲು ಕೂತರು. ಹಿಂದೆ ನಾನು, ಹಂಪಮ್ಮ, ಒಂದು ಟ್ರಂಕು, ಎರಡು ಮೂಟೆ ಜೋಳ. ಒಂದು ಸುತ್ತು ಮುಗಿದು ಸಿರುಗುಪ್ಪದ ದಾರಿಯ ಬಾಯಿಗೆ ಬಂದಾಗ ಎತ್ತುಗಳು ತಾವಾಗಿ ದಾರಿಗೆ ಹೊರಳಿದವು. ಮಾವ ಹಗ್ಗ ಜಗ್ಗಿ ಮತ್ತೆ ಊರಿನ ಕಡೆಗೇ ತಿರುಗಿಸಿದರು. ಹಂಪಮ್ಮ ನನ್ನ ಮುಖ ನೋಡಿದಳು. ನಾನು ರೂಢಿಯ ಬಲದಿಂದ ಗಾಲಿಯ ಸುತ್ತು ಎಣಿಸಲು ಶುರುಮಾಡಿದ್ದೆ. ಎಣಿಕೆ ಬಿಟ್ಟೆ.

ಎರಡನೆಯ ಸುತ್ತೂ ಮುಗಿಯಿತು. ದಾರಿಯ ಬಾಯಲ್ಲಿ ಮಾವ ಗಾಡಿ ನಿಲ್ಲಿಸಿದರು. ಹಿಂದೆ ತಿರುಗಲಿಲ್ಲ, ಎತ್ತಿನ ಬೆನ್ನನ್ನೇ ನೋಡುತ್ತಿದ್ದರು.

“ಅಳಿಯಾರ,” ಅಂದರು. “ಹಳಿ ನೆಟ್ಟಗ ಕುಂತೈತಂತೀರೇನು?”

ಹತ್ತು ವರ್ಷ ಅಲುಗುವ ಹಳಿಯಲ್ಲ ಅದು. ಅದು ನನಗೆ ಗೊತ್ತಿತ್ತು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಂಪಮ್ಮ ಮೂಟೆಯ ಮರೆಯಲ್ಲಿ ನನ್ನ ಬೊಬ್ಬೆಯ ಕೈಯನ್ನು ಗಟ್ಟಿಯಾಗಿ ಹಿಡಿದಳು.

“ಅನುಮಾನ ಐತ್ರಿ ಮಾವಾ,” ಅಂದೆ. “ಇನ್ನೊಂದು ಸುತ್ತು ಹಾಕ್ರಿ.”