ತಪ್ಪು ಜಾಗದಲ್ಲಿ ಮುರಿದ ಪದ

"ಅಕ್ಕಾ, ಆರನೇ ಪಾಠದಲ್ಲಿ ಒಂದು ಪದಾನ ತಪ್ಪು ಜಾಗದಲ್ಲಿ ಮುರಿದುಬಿಟ್ಟಿದ್ದೀರಿ."

ಫೋನಿನ ಆಚೆ ಇದ್ದವಳು ಕಣ್ಣು ಕಾಣದ ವಿದ್ಯಾರ್ಥಿನಿ. ಅವಳಂಥವರಿಗಾಗಿ ಗ್ರಂಥಾಲಯದ ಪುಟ್ಟ ಕೋಣೆಯಲ್ಲಿ ಕುಳಿತು ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವುದು ಈಕೆಯ ಕೆಲಸ. ಅದಕ್ಕೂ ಮೊದಲು ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ಕಂಡವರ ತಪ್ಪನ್ನೆಲ್ಲ ಹೆಕ್ಕಿದವಳು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ.

"ಯಾವ ಪದಮ್ಮ?"

"ನರಗಳ ಪಾಠದಲ್ಲಿ ಬರೋ ಕಿಣ್ವ. ಅಸಿಟೈಲ್, ಕೋಲಿ, ನೆಸ್ಟರೇಸ್ ಅಂತ ಓದಿದ್ದೀರಿ. ಕ್ಲಾಸಲ್ಲಿ ನಾನೂ ಹಾಗೇ ಹೇಳಿದೆ. 'ನೆಸ್ಟರೇಸ್ ಅಂದ್ರೆ ಯಾರಮ್ಮ, ನಿಮ್ಮ ನೆಂಟರಾ?' ಅಂತ ಮೇಷ್ಟ್ರು ನಕ್ಕುಬಿಟ್ರು."

ಆಕೆ ಪುಸ್ತಕ ತೆರೆದಳು. ಅಸಿಟೈಲ್‌ಕೋಲಿನೆಸ್ಟರೇಸ್. 'ನ್' ಮತ್ತು 'ಎ' ಕೂಡಿ ಏನೂ ಅರಿಯದ ಹಾಗೆ 'ನೆ' ಆಗಿ ಕೂತಿದ್ದವು. ಬಿಡಿಸಿದರೆ ಕೋಲಿನ್, ಆಮೇಲೆ ಎಸ್ಟರೇಸ್.

"ಮುಂದಿನ ತಿಂಗಳು ಮೌಖಿಕ ಪರೀಕ್ಷೆ ಅಕ್ಕ. ನಲವತ್ತು ಜನ ಇದನ್ನೇ ಕೇಳ್ಕೊಂಡು ಓದ್ತಿದ್ದೀವಿ."

"ನಾಳೇನೇ ಸರಿಮಾಡ್ತೀನಿ."

ನಾಚಿಕೆಯಾಗಬೇಕಿತ್ತು, ಆದದ್ದು ಸಂತೋಷ. ಗಂಡ ತೀರಿಕೊಂಡ ನಾಲ್ಕು ವರ್ಷದಿಂದ ಮನೆಯಲ್ಲಿ ಆಕೆಯ ಮಾತು ಕೇಳಿ ಮರುಮಾತಾಡುವವರಿರಲಿಲ್ಲ. ಇಲ್ಲಿ ಯಾರೋ ಒಂದೊಂದು ಅಕ್ಷರಕ್ಕೂ ಕಿವಿಗೊಟ್ಟಿದ್ದರು.

"ಬೇರೆ ತಪ್ಪು?"

"ಇಲ್ಲ ಅಕ್ಕ, ಹದಿನಾಲ್ಕು ಗಂಟೆ ರೆಕಾರ್ಡಿಂಗಲ್ಲಿ ಇದೊಂದೇ."

"ಸರಿಯಾಗಿ ಕೇಳಿದ್ಯಾ?"

"ಎರಡೆರಡು ಸಲ! ಬಸ್ ಬಂತು, ಇಡ್ತೀನಿ. ಇನ್ನೇನಾದ್ರೂ ತಪ್ಪು ಸಿಕ್ಕಿದ್ರೆ ಫೋನ್ ಮಾಡ್ತೀನಿ."

ಇನ್ನೊಂದು ತಪ್ಪೂ ಸಿಗಲಿಲ್ಲವಲ್ಲ ಎಂದು ಆಕೆಗೆ ನಿಜಕ್ಕೂ ಬೇಸರವಾಯಿತು.

ಮರುದಿನ ಆ ಪದವನ್ನು ಮತ್ತೆ ಓದಿ ಸರಿಮಾಡಿ, ಎರಡನೇ ಸಂಪುಟ ಹಿಡಿದಳು. ಮೂರನೇ ಪುಟದಲ್ಲಿ ಅದರ ತಮ್ಮನೇ ಎದುರಾದ: ಬ್ಯುಟಿರಿಲ್‌ಕೋಲಿನೆಸ್ಟರೇಸ್. ಅದೇ 'ನೆ'. ಸುಮ್ಮನೆ ಹಳೆಯ ಹಾಗೇ ಓದಿಬಿಟ್ಟರೆ? ಹುಡುಗಿ ಫೋನ್ ಮಾಡುತ್ತಾಳೆ, 'ಅಕ್ಕಾ' ಅನ್ನುತ್ತಾಳೆ. ಪರೀಕ್ಷೆಗೆ ಇನ್ನೂ ತಿಂಗಳಿದೆ, ಅಷ್ಟರಲ್ಲಿ ತಿದ್ದಿದರಾಯಿತು, ಯಾರ ಗಂಟೂ ಹೋಗುವುದಿಲ್ಲ.

ತೆರೆದ ಬಾಯಿ ಹಾಗೇ ನಿಂತಿತು.

ಗಾಜಿನ ಆಚೆಯಿಂದ ರೆಕಾರ್ಡಿಂಗ್‌ನವನು ತಲೆಯೆತ್ತಿದ. "ಏನಾಯ್ತು ಮೇಡಂ? ಗಂಟಲು ಕಟ್ತಾ?"

"ಏನಿಲ್ಲ."

"ಬ್ಯುಟಿರಿಲ್, ಕೋಲಿನ್, ಎಸ್ಟರೇಸ್," ಎಂದು ಸ್ಪಷ್ಟವಾಗಿ ಓದಿದಳು. ಆಮೇಲೆ ಸದ್ದು ಮೈಕಿಗೆ ಕೇಳದಂತೆ ಮೆಲ್ಲಗೆ ಪುಟ ತಿರುವಿದಳು.