ಮೇಸ್ತ್ರಿ ಹಾಕಿದ ಶೀಟು

ಆ ಬಿರುಗಾಳಿಗೆ ಇಡೀ ಬೀದಿಯಲ್ಲಿ ಹಾರಿಹೋದದ್ದು ಒಂದೇ ಒಂದು ಚಾವಣಿ. ಅದೂ ಯಾರು ಹಾಕಿದ್ದು ಅಂತೀರಿ? ಮೇಸ್ತ್ರಿ! ನಲವತ್ತು ವರ್ಷ ಊರವರ ತಲೆಯ ಮೇಲೆಲ್ಲ ತಗಡಿನ ಶೀಟು ಕೂರಿಸಿದ ಮನುಷ್ಯ. ಕೋಳಿಗೂಡಿನಿಂದ ಹಿಡಿದು ಕಾರ್ಖಾನೆಯವರೆಗೆ ಅವನು ಬಿಗಿದ ಶೀಟು ಮಿಸುಕಿದ್ದಿಲ್ಲ. ಎದುರುಮನೆಯವರು ನಾಲ್ಕು ಕಲ್ಲು ಹೇರಿ ನಿಲ್ಲಿಸಿದ್ದ ತುಕ್ಕು ತಗಡು ಕೂಡ ಜಪ್ಪಯ್ಯ ಅಂದರೂ ಕದಲಲಿಲ್ಲ. ಅವನು ಇರುತ್ತಿದ್ದ ಮಗಳ ಮನೆಯ ಹಿಂದೆ, ಎರಡು ವರ್ಷದ ಕೆಳಗೆ ಮೇಸ್ತ್ರಿ ತಾನೇ ಹೊದಿಸಿದ್ದ ಹೊಸ ಕೋಣೆಯ ಶೀಟು ಮಾತ್ರ ಸಂಜೆ ನಾಲ್ಕು ಗಂಟೆಗೆ ಎದ್ದುಹೋಗಿ ಎರಡು ಮನೆ ಆಚೆ ಬಿತ್ತು. ಹೋಗುವಾಗ ಒಂದು ತೊಲೆಯನ್ನೂ ಕಿತ್ತುಹಾಕಿತು. ಆ ತೊಲೆ ಮಂಚದ ಮೇಲೆ ಬಿತ್ತು. ಮಂಚದ ಮೇಲೆ ಬೀಗಿತ್ತಿ ಮಲಗಿದ್ದಳು.

ಬೀಗಿತ್ತಿ ಅಂದರೆ ಅಳಿಯನ ತಾಯಿ. ಬಾಯಿ ಜೋರು, ಮನಸ್ಸು ಬೆಣ್ಣೆ. ಬೆಳಗಾದರೆ ಪೇಪರಿಗಾಗಿ ಅವಳಿಗೂ ಮೇಸ್ತ್ರಿಗೂ ಜಟಾಪಟಿ. "ಸಾಕು ಕೊಡಿ ಬೀಗರೇ ಇತ್ಲಾಗೆ, ನೀವು ಓದ್ಲಿಲ್ಲ ಅಂತ ಸರ್ಕಾರ ಬಿದ್ದೋಗಲ್ಲ" ಎಂದು ಕಸಿದುಕೊಳ್ಳುತ್ತಿದ್ದಳು. ಆವತ್ತು ಗಾಳಿ ಎದ್ದಾಗ ಮಗಳು, "ಅತ್ತೆ, ಮುಂದಿನ ಕೋಣೆಗೆ ಬಂದ್ಬಿಡಿ" ಎಂದು ಎರಡು ಸಲ ಕರೆದಳು. ಬೀಗಿತ್ತಿ ಮಗ್ಗುಲು ಕೂಡ ಬದಲಿಸಲಿಲ್ಲ.

"ಬೀಗರು ಹಾಕಿದ ಶೀಟು ಕಣೇ ಇದು, ಎಲ್ಲಿಗೆ ಹೋಗುತ್ತೆ? ಬೇಕಾದ್ರೆ ಅವರನ್ನೇ ಕೇಳು."

ಮಗಳು ತಿರುಗಿ ಅಪ್ಪನನ್ನು ನೋಡಿದಳು. ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಎದ್ದು ಬನ್ನಿ ತಾಯಿ ಎಂದು ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಆಡಲಿಲ್ಲ. "ಏನೂ ಆಗಲ್ಲ ಬಿಡು" ಅಂದ. ಅಯ್ಯೋ, ಆ ನಾಲಿಗೆ ಅಲ್ಲೇ ಸೇದಿಹೋಗಬಾರದಿತ್ತೇ!

ಯಾಕೆಂದರೆ, ಏನು ಬೇಕಾದರೂ ಆಗಬಹುದೆಂದು ಗೊತ್ತಿದ್ದದ್ದು ಅವನೊಬ್ಬನಿಗೇ. ಶೀಟು ಕೂರಿಸುವುದೆಂದರೆ ತೊಲೆಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ, ಶೀಟಿನ ಮೇಲೆ ತೂರಿಬಂದ ಅದರ ತುದಿಗೆ ನಟ್ಟು ಹಾಕಿ ಸ್ಪ್ಯಾನರಿನಿಂದ ಬಿಗಿಯುವುದು, ಅಷ್ಟೇ. ಮೇಲಿನ ಎರಡು ಸಾಲನ್ನು ಆವತ್ತು ಚೆನ್ನಾಗಿಯೇ ಬಿಗಿದಿದ್ದ. ಕೆಳಗಿನ ಅಂಚಿನ ಸಾಲಿಗೆ ಬಂದು ಒಮ್ಮೆ ನೆಲ ನೋಡಿದ್ದೇ ತಡ, ನಲವತ್ತು ವರ್ಷದಲ್ಲಿ ಎಂದೂ ಆಗದ ಹಾಗೆ ಕಣ್ಣಿಗೆ ಕತ್ತಲೆ ಕಟ್ಟಿತು. ಶೀಟಿಗೆ ಹೊಟ್ಟೆ ಆನಿಸಿ ಹಲ್ಲಿಯ ಹಾಗೆ ಅಂಟಿಕೊಂಡುಬಿಟ್ಟ. ಸ್ಪ್ಯಾನರ್ ತಿರುಗಿಸಲು ಎರಡೂ ಕೈ ಬೇಕು. ಒಂದು ಕೈ ಶೀಟನ್ನು ಬಿಡಲೊಲ್ಲದು. ಕೆಳಗೆ ಏಣಿ ಹಿಡಿದು ನಿಂತಿದ್ದ ಅಳಿಯ, "ಆಯ್ತಾ ಮಾವ?" ಎಂದು ಕೂಗಿದ. "ಆಯ್ತು ಕಣಪ್ಪಾ, ಒಂದೇ ನಿಮಿಷ" ಎಂದು ಇವನು ನಟ್ಟುಗಳನ್ನು ಬರೀ ಬೆರಳಲ್ಲಿ ಒಂದೊಂದು ಸುತ್ತು ತಿರುಗಿಸಿ, ಅರ್ಧ ಗಂಟೆಯ ಮೇಲೆ ಹೇಗೋ ತೆವಳಿಕೊಂಡು ಇಳಿದು ಬಂದ.

ನಾಳೆ ಶಿಷ್ಯನನ್ನು ಕರೆದು ಬಿಗಿಸಿದರಾಯಿತು ಅಂದುಕೊಂಡ. ಆದರೆ ಅವನಿಗೆ ಏನಂತ ಹೇಳುವುದು? ಶೀಟಿನ ಮೇಸ್ತ್ರಿಗೆ ಎತ್ತರ ಕಂಡರೆ ಭಯ ಅಂತಲೇ? ಮಂಡಿನೋವು ಎಂದು ಸುಳ್ಳು ಹೇಳಿ ಕೆಲಸವನ್ನೇ ಬಿಟ್ಟ. ನಾಳೆ ಮಾತ್ರ ಎರಡು ವರ್ಷವಾದರೂ ಬರಲಿಲ್ಲ. ಗಾಳಿ ಬಂತು.

ಈಗ ನೋಡಿದರೆ ಅಳಿಯ ಬೇರೆಯೇ ಲೆಕ್ಕ ಹಾಕಿಕೊಂಡು ಕೂತಿದ್ದ. ಹೋದ ತಿಂಗಳು ಒಣಗಿದ ಎಲೆ ತುಂಬಿ ನೀರು ಕಟ್ಟಿತ್ತೆಂದು ಅವನು ಆ ಶೀಟಿನ ಮೇಲೆ ಹತ್ತಿ ಗುಡಿಸಿದ್ದ. ಅಂಚಿನ ಹತ್ತಿರ ಕಾಲಿಟ್ಟಾಗ ಶೀಟು ಕಟಕಟ ಅಂದಿತ್ತಂತೆ. "ನಾನೇ ತುಳಿದು ಸಡಿಲ ಮಾಡ್ದೆ. ನಮ್ಮಮ್ಮನ್ನ ನಾನೇ ಕೊಂದೆ" ಎನ್ನುತ್ತಿದ್ದ. ಬಸ್ಸು ಓಡಿಸುವವನು ಹನ್ನೊಂದು ದಿನದಿಂದ ಡಿಪೋದ ಕಡೆ ತಲೆ ಹಾಕಿರಲಿಲ್ಲ. ಸೂರಿಲ್ಲದ ಆ ಕೋಣೆಯಲ್ಲಿ, ಬಗ್ಗಿಹೋದ ಮಂಚದ ಪಕ್ಕ, ಬಿಸಿಲಾಗಲಿ ಮಳೆಯಾಗಲಿ ಕೂತೇ ಇರುತ್ತಿದ್ದ. ತಟ್ಟೆಯಲ್ಲಿ ಹಾಕಿಕೊಟ್ಟದ್ದು ಹಾಗೇ ತಣ್ಣಗಾಗಿ ವಾಪಸ್ಸು ಬರುತ್ತಿತ್ತು. ಗಡ್ಡದೊಳಗೆ ಮುಖ ಕಾಣುತ್ತಿರಲಿಲ್ಲ.

"ಇವರು ಉಳಿಯಲ್ಲ ಅಪ್ಪ" ಎಂದಳು ಮಗಳು, ಅಡುಗೆಮನೆಯಲ್ಲಿ ದನಿ ತಗ್ಗಿಸಿ. "ನಿನ್ನೆ ರೈಲು ಹಳಿ ಹತ್ತಿರ ನಿಂತಿದ್ರಂತೆ. ಪಕ್ಕದ ಮನೆಯವರು ಕೈ ಹಿಡ್ಕೊಂಡು ಕರ್ಕೊಂಡು ಬಂದ್ರು."

ಒಂದು ಜೀವ ಹೋಯಿತು, ಎರಡನೆಯದು ಹೊರಟು ನಿಂತಿದೆ. ಹೇಳಿಬಿಡು ಮುದುಕಾ ಎಂದು ಮೇಸ್ತ್ರಿಯ ಒಳಗೊಬ್ಬ ಕೂಗುತ್ತಿದ್ದ. ಮುದುಕ ಎದ್ದು ಅಂಗಳಕ್ಕೆ ಹೋದ.

ಮಾರನೆಯ ಬೆಳಿಗ್ಗೆ ಶಿಷ್ಯ ಹೊಸ ಶೀಟು, ಉದ್ದದ ಏಣಿ ಹೇರಿಕೊಂಡು ಬಂದ. ಮೇಸ್ತ್ರಿಯ ಕೈಕೆಳಗೆ ಕಲಿತು ಈಗ ತಾನೇ ನಾಲ್ಕು ಜನರನ್ನಿಟ್ಟು ಕೆಲಸ ಮಾಡಿಸುವವನು. ಕೋಣೆಯ ಗೋಡೆ ತೊಲೆಗಳನ್ನೆಲ್ಲ ಸುತ್ತಿ ನೋಡಿ ತಲೆ ಕೊಡವಿದ.

"ಮೇಸ್ತ್ರಿ ಹಾಕಿದ ಶೀಟು ಹಾರೋದುಂಟಾ ಅಕ್ಕಾ? ನನ್ನಾಣೆ ಇಲ್ಲ. ಯಾರೋ ಮೇಲೆ ಹತ್ತಿ ಕುಣಿದಿರ್ಬೇಕು."

ಪಾಪ, ಅವನಿಗೇನು ಗೊತ್ತು! ಮಂಚದ ಪಕ್ಕ ಕೂತಿದ್ದ ಅಳಿಯ ತಲೆ ಎತ್ತಿದ. "ನಾನೇ ಹತ್ತಿದ್ದು" ಎಂದ. ಮತ್ತೆ ತಲೆ ತಗ್ಗಿಸಿದ.

ಮೇಸ್ತ್ರಿಗೆ ಇನ್ನು ತಡೆಯಲಾಗಲಿಲ್ಲ.

"ಅವನಲ್ಲ. ನಾನು" ಎಂದ. "ಕೆಳಗಿನ ಸಾಲು ನಾನು ಬಿಗೀಲೇ ಇಲ್ಲ. ನಟ್ಟು ಬರೀ ಬೆರಳಲ್ಲಿ ತಿರುಗಿಸಿ ಇಳಿದುಬಂದೆ. ನಂಗೆ ಮೇಲೆ ಭಯ ಆಗಿತ್ತು."

ಹೇಳಿಬಿಟ್ಟ. ಎರಡು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದನ್ನು ಹೊರಗೆ ಹಾಕಿ, ಇನ್ನು ಬೈಯಲಿ, ಹೊಡೆಯಲಿ, ಬಾಗಿಲಿನಿಂದಾಚೆ ನೂಕಲಿ ಎಂದು ಕೈಕಟ್ಟಿ ನಿಂತ. ಆದದ್ದೇ ಬೇರೆ. ಶಿಷ್ಯ ಕಣ್ಣೊರೆಸಿಕೊಂಡು, "ನೋಡಿದ್ರಾ ಭಾವ ನಮ್ಮ ಮೇಸ್ತ್ರಿ ಮನಸ್ಸು! ನಿಮ್ಮ ತಲೆ ಮೇಲಿಂದ ತಪ್ಪು ಇಳಿಸೋಕೆ ತಾವೇ ಹೊತ್ಕೋತಾರೆ" ಎಂದ.

"ಸುಳ್ಳಲ್ಲ ಕಣೋ!"

"ಮೂರಂತಸ್ತಿನ ಗೋದಾಮಿನ ಅಂಚಲ್ಲಿ ಕೂತು ಬೀಡಿ ಸೇದ್ತಿದ್ದವರು ನೀವು. ಭಯವಂತೆ ಭಯ! ಯಾರ ಕಿವಿಗೆ ಹೂವಿಡ್ತೀರಿ ಮೇಸ್ತ್ರೇ?"

ಮಗಳು ಹತ್ತಿರ ಬಂದು ತೋಳು ಹಿಡಿದಳು. "ಸುಮ್ನಿರಪ್ಪ. ಇವರಿಗೆ ಇನ್ನೂ ನೋವಾಗುತ್ತೆ." ಅಳಿಯನಂತೂ ಕೂತಲ್ಲಿಂದಲೇ ಕೈ ಮುಗಿದ. "ನನಗೋಸ್ಕರ ನಿಮ್ಮ ಹೆಸರು ಕೆಡಿಸ್ಕೋಬೇಡಿ ಮಾವ. ಮಾಡಿದ್ದು ನಾನು. ಅನುಭವಿಸ್ತೀನಿ."

ಇಂಥ ಗತಿ ಯಾವ ಶತ್ರುವಿಗೂ ಬೇಡ. ಯಾವ ಹೆಸರನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದನೋ, ಆ ಹೆಸರೇ ಈಗ ಬಾಯಿಗೆ ಅಡ್ಡ ನಿಂತಿತ್ತು. ಮೇಸ್ತ್ರಿ ಮಗಳ ಕೈ ಕೊಡವಿ ಅಂಗಳಕ್ಕೆ ಬಂದ. ಗೋಡೆಗೆ ಆನಿಸಿದ್ದ ಏಣಿಗೆ ಕಾಲಿಟ್ಟ.

"ಅಪ್ಪಾ, ಮಂಡಿ!" ಎಂದು ಮಗಳು ಕೂಗಿದಳು.

"ಮಂಡಿಗೆ ಏನೂ ಆಗಿಲ್ಲ. ನೋಡು ನೀನು. ಎಲ್ಲಾ ನೋಡಿ."

ಒಂದು ಮೆಟ್ಟಿಲು, ಎರಡು, ಮೂರು. ನಾಲ್ಕರಲ್ಲಿ ಬೆವರು ಕಿತ್ತುಕೊಂಡು ಬಂತು. ಆರಕ್ಕೆ ಕಾಲು ಗಡಗಡ ನಡುಗಿ ಏಣಿಯೂ ಗೋಡೆಗೆ ಬಡಿದು ಸದ್ದು ಮಾಡತೊಡಗಿತು. ಅಲ್ಲಿಂದ ಮೇಲೂ ಇಲ್ಲ, ಕೆಳಗೂ ಇಲ್ಲ. ಏಣಿಯನ್ನು ತಬ್ಬಿ ಕಣ್ಣು ಮುಚ್ಚಿ, ಅವ್ವಾ ಅವ್ವಾ ಎಂದು ಕೂಸಿನ ಹಾಗೆ ಅಳುತ್ತ ನಿಂತುಬಿಟ್ಟ. ಪಂಚೆ ಒದ್ದೆಯಾಯಿತು. ಶಿಷ್ಯ ನೋಡಲಾರದೆ ಮುಖ ತಿರುಗಿಸಿದ.

ಹತ್ತಿ ಬಂದು ಇಳಿಸಿದವನು ಅಳಿಯ. ಹನ್ನೊಂದು ದಿನದಲ್ಲಿ ಅವನು ತಾನಾಗಿ ಎದ್ದು ಮಾಡಿದ ಮೊದಲ ಕೆಲಸ ಅದು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬೆನ್ನಿಗೆ ಎದೆ ಕೊಟ್ಟು, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ನೆಲದ ಮೇಲೆ ಕೂರಿಸಿದ. ತಾನೂ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಆವತ್ತೂ ಹೀಗೇ ಆಗಿತ್ತಾ ಮಾವ?"

"ಹೂಂ."

"ಆವತ್ತು ಏಣಿ ಹಿಡ್ಕೊಂಡಿದ್ದವನು ನಾನು." ಅಳಿಯನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಒಂದು ಮಾತು ಅಂದಿದ್ರೆ ನಾನೇ ಹತ್ತಿ ಬಿಗೀತಿದ್ನಲ್ಲ ಮಾವ. ಐದು ನಿಮಿಷದ ಕೆಲಸ."

ಅಷ್ಟು ಹೇಳಿ, ತಾಯಿ ಸತ್ತ ದಿನದಿಂದ ಹನಿ ಕಣ್ಣೀರು ಹಾಕದಿದ್ದವನು ಅಮ್ಮಾ ಎಂದು ಬಾಯಿ ಬಿಟ್ಟು ಅತ್ತ. ಮೇಸ್ತ್ರಿ ಅವನ ಭುಜ ಮುಟ್ಟಲು ಹೋದ. ಅಳಿಯ ಎದ್ದು ದೂರ ಹೋಗಿ ಗೋಡೆಗೆ ಮುಖ ಹಚ್ಚಿ ನಿಂತ. ಇವನ ಕೈ ಗಾಳಿಯಲ್ಲೇ ಉಳಿಯಿತು.

ಮಗಳು ಅಳಲಿಲ್ಲ, ಬೈಯಲೂ ಇಲ್ಲ. ಅಪ್ಪನ ಕಡೆ ನೋಡಲೇ ಇಲ್ಲ. ಮುಂದಿನ ಕೋಣೆಯ ಬಾಗಿಲು ನೋಡಿ, ಆಮೇಲೆ ಅದರ ಚಾವಣಿ ನೋಡಿ, ಶಿಷ್ಯನನ್ನು ಕರೆದಳು.

"ಮುಂದಿನ ಕೋಣೆ ಶೀಟೂ ಅಪ್ಪನೇ ಹಾಕಿದ್ದು. ಮಕ್ಕಳು ಮಲಗೋ ಕೋಣೆ. ಮೊದಲು ಅದನ್ನ ನೋಡು."

"ಅಕ್ಕಾ, ಅದು ಹದಿನೆಂಟು ವರ್ಷದ್ದು..."

"ನೋಡು ಅಂದೆ."

ಅದನ್ನು ಸರಿಯಾಗಿಯೇ ಬಿಗಿದಿದ್ದೆ ಮಗಳೇ, ಆಗ ನನಗೆ ಭಯ ಇರಲಿಲ್ಲ, ನೀನು ಬಾಣಂತಿ ಇದ್ದೆ, ಒಂದೊಂದು ನಟ್ಟನ್ನೂ ಎರಡೆರಡು ಸಲ ತಿರುಗಿಸಿದ್ದೆ ಎಂದು ಹೇಳಬೇಕೆನಿಸಿತು ಮೇಸ್ತ್ರಿಗೆ. ಹೇಳಿದರೂ ಕೇಳುವವರು ಯಾರು?

ಶಿಷ್ಯ ಹತ್ತಿದ. ಸ್ಪ್ಯಾನರ್ ಹಚ್ಚಿ ಮೈಭಾರವೆಲ್ಲ ಹಾಕಿ ತಿರುಗಿಸಿದ. ನಟ್ಟು ಕದಲಲಿಲ್ಲ.

"ಗಟ್ಟಿಯಾಗಿದೆ ಅಕ್ಕಾ."

"ಮುಂದಿನದು ನೋಡು" ಎಂದಳು ಮಗಳು.

"ಇದೂ ಗಟ್ಟಿ."

"ಮುಂದಿನದು."