ತುರ್ತು ನಿಧಿಗೆ ಮೂರು ದಿನ

ಈ ಹುಡುಗಿಯ ಚಪ್ಪಲಿ ಹೊಸದು, ಬಕಲ್ ಇನ್ನೂ ಹೊಳೀತಿದೆ, ಚಪ್ಪಲಿಗೆ ದುಡ್ಡಿದೆ, ಊರಿಗೆ ಹೋಗೋಕೆ ಮಾತ್ರ ಕಾಲೇಜಿನ ತುರ್ತು ನಿಧಿ ಬೇಕಂತೆ, ನನ್ನ ಕಿವಿ ಮೇಲೇ ಹೂ ಇಡ್ತಾಳೆ — ಇಪ್ಪತ್ತೆರಡು ವರ್ಷದಿಂದ ಈ ಕೌಂಟರಿನಲ್ಲಿ ಕೂತು ಎಂಥೆಂಥವರನ್ನ ನೋಡಿಲ್ಲ, ಒಬ್ಬ ಮಹಾರಾಯ ಒಂದೇ ಅಜ್ಜಿಯನ್ನ ಮೂರು ಸಲ ಸಾಯಿಸಿದ್ದ, ಮೂರನೇ ಸಲ ಮನೆಗೆ ಫೋನ್ ಮಾಡಿದರೆ ಅಜ್ಜಿಯೇ ಎತ್ತಿದರು, ಅವತ್ತಿಂದ ನನ್ನ ಲೆಕ್ಕವೇ ಬೇರೆ, ಮೊದಲು ಎರಡು ದಿನ ಓಡಾಡಿಸಬೇಕು, ಸುಳ್ಳು ಹೇಳೋರು ಮೂರನೇ ದಿನ ಬರಲ್ಲ, ಬಂದರೆ ಫೋನ್ — ಅಪ್ಪನಿಗೆ ಹುಷಾರಿಲ್ಲ ಮೇಡಂ, ತಕ್ಷಣ ಹೊರಡು ಅಂತ ಚಿಕ್ಕಪ್ಪ ಹೇಳಿದ್ದಾರೆ, ರೈಲಿಗೆ ದುಡ್ಡಿಲ್ಲ, ಸೋಮವಾರ ಹೀಗಂದಳು, ನಾಳೆ ಬಾ ಅಂದೆ, ನಿನ್ನೆಯೂ ನಾಳೆ ಬಾ ಅಂದೆ, ಇವತ್ತು ಬಾಗಿಲು ತೆಗೆಯೋ ಹೊತ್ತಿಗೇ ಬೆಂಚಿನ ಮೇಲೆ ಹಾಜರು, ಗಟ್ಟಿ ಆಸಾಮಿ, ಒಂದು ತೊಟ್ಟು ಕಣ್ಣೀರಿಲ್ಲ, ನಮ್ಮಪ್ಪ ಹಾಸಿಗೆ ಹಿಡಿದಾಗ ನಾನು ಇಡೀ ಬೀದಿಗೆ ಕೇಳೋ ಹಾಗೆ ಅತ್ತಿದ್ದೆ, ಇರಲಿ, ಬಣ್ಣ ಬಯಲು ಮಾಡೇ ಬಿಡೋಣ, ಅರ್ಜಿಯಲ್ಲಿರೋ ಅಪ್ಪನ ನಂಬರು, ರಿಂಗ್ ಆಗ್ತಿದೆ, ಎದ್ದು ಬಂದು ಕೌಂಟರಿಗೆ ಆತುಕೊಂಡಳು, ಭಯ ಬಿತ್ತು ಅಂತ ಕಾಣುತ್ತೆ — ಹಲೋ, ಗಂಡಸಿನ ದನಿ, ಗಟ್ಟಿಯಾಗೇ ಇದೆ, ಸಿಕ್ಕಿಬಿದ್ದಳು ನೋಡು, ಕಾಲೇಜಿಂದ ಮಾತಾಡ್ತಿರೋದು, ಹುಡುಗಿಯ ತಂದೆಯಾ ಅಂದೆ.

ಅಲ್ಲ ಮೇಡಂ, ಚಿಕ್ಕಪ್ಪ, ಅಣ್ಣ ಹೋಗಿಬಿಟ್ಟ, ಅರ್ಧ ಗಂಟೆ ಆಯ್ತು, ಬೆಳಗ್ಗೆವರೆಗೂ ಮಗಳು ಬಂದ್ಲಾ ಬಂದ್ಲಾ ಅಂತ ಕೇಳ್ತಾನೇ ಇದ್ದ, ಅವಳಿಗೆ ಹೇಳಬೇಡಿ, ಅಷ್ಟು ದೂರ ಒಬ್ಬಳೇ ಬರಬೇಕು, ನಿಮ್ಮ ಕಾಲಿಗೆ ಬೀಳ್ತೀನಿ — ಸೋಮವಾರವೇ ಕೊಟ್ಟಿದ್ದರೆ ನಿನ್ನೆ ಬೆಳಗ್ಗೆ ಅಪ್ಪನ ಹತ್ತಿರ ಇರ್ತಿದ್ದಳು, ಈ ಫೋನು ಸೋಮವಾರವೇ ಮಾಡಬಹುದಿತ್ತು, ಎರಡು ನಿಮಿಷದ ಕೆಲಸ, ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳ, ರುಜು ಹಾಕ್ತಿದ್ದೀನಿ, ದುಡ್ಡು ಎಣಿಸಿ ಮುಂದಿಡ್ತಿದ್ದೀನಿ, ಅವಳು ನನ್ನ ಮುಖವನ್ನೇ ನೋಡ್ತಿದ್ದಾಳೆ — ಅಪ್ಪನೇ ಎತ್ತಿದ್ರಾ ಮೇಡಂ, ಮಾತಾಡಿದ್ರಾ, ನಾನು ಸುಳ್ಳು ಹೇಳಿಲ್ಲ ಅಂತ ಈಗ ಗೊತ್ತಾಯ್ತಲ್ವಾ — ಹೂಂ ಅಂದೆ, ಮಾತಾಡಿದರು, ನಿನ್ನ ದಾರಿ ಕಾಯ್ತಿದ್ದಾರೆ, ಬೇಗ ಹೋಗಮ್ಮ, ಅಂದೆ, ನನ್ನ ಬಾಯಿಂದಲೇ ಬಂತು, ಸಲೀಸಾಗಿ ಬಂತು — ಮೂರು ದಿನದಲ್ಲಿ ಮೊದಲ ಸಲ ನಕ್ಕಳು, ಹಲ್ಲೆಲ್ಲ ಕಾಣೋ ಹಾಗೆ, ದುಡ್ಡು ತಗೊಂಡು ಬಾಗಿಲವರೆಗೆ ಓಡಿ, ತಿರುಗಿ, ಥ್ಯಾಂಕ್ಸ್ ಮೇಡಂ ಅಂತ ಮತ್ತೆ ನಕ್ಕಳು, ಹೋದಳು, ಮುಂದಿನವರು ಬನ್ನಿ ಅನ್ನಬೇಕು, ಅರ್ಜಿ ಮುಂದೆ ಚಾಚಿ ಯಾರೋ ನಿಂತಿದ್ದಾರೆ, ಕಾಣ್ತಿಲ್ಲ, ಬಾಗಿಲು, ತಿರುಗಿದ ಆ ಮುಖ, ಆ ನಗು, ಹಲ್ಲೆಲ್ಲ ಕಾಣೋ ಹಾಗೆ, ಆ ನಗು